ಬೋಗಿ ಕೂಗುವಂತಿಲ್ಲ

ಕಲ್ಲಿನ ಮೆಟ್ಟಿಲ ಮೇಲೆ ಬಿಸಿಲು ಓರೆಯಾಗಿ ಬಿದ್ದಿದೆ, ನೆರಳು ಎರಡೇ, ನನ್ನದು, ಮಗಳದು, ಅವಳದೂ ಈಗ ದೂರ ಓಡಿಬಿಟ್ಟಿತು, ಮೆಲ್ಲಗೆ ಹೋಗೇ, ಕಾಲು ಬರುತ್ತಿಲ್ಲ, ವಾರವೆಲ್ಲ ಆಸ್ಪತ್ರೆಯ ಲಾಂಡ್ರಿಯಲ್ಲಿ ನಿಂತ ಕಾಲು, ಮೂಗಿನಲ್ಲಿ ಇನ್ನೂ ಬ್ಲೀಚಿನ ವಾಸನೆ, ಬೆಡ್‌ಶೀಟ್ ಮಡಿಸುವಾಗ ಎದುರು ತುದಿ ಹಿಡಿಯುವವಳು ಹೇಳಿದ್ದಳು, ಮಗೂನ ಬೆಟ್ಟಕ್ಕಾದ್ರೂ ಕರ್ಕೊಂಡು ಹೋಗಕ್ಕ, ಗಾಳಿಗೆ ಇನ್ನೂ ಟಿಕೆಟ್ ಇಟ್ಟಿಲ್ಲ — ನಿಜ, ಗೇಟಿನಲ್ಲಿ ಯಾರೂ ತಡೆಯಲಿಲ್ಲ, ಎಷ್ಟು ಜನ ಅಂತಲೂ ಕೇಳಲಿಲ್ಲ, ಕೇಳಿದ್ದರೆ ಮೂರು ಅಂದುಬಿಡುತ್ತಿದ್ದೆನೋ ಏನೋ, ಕಳೆದ ಸಲ ಮೂವರಿದ್ದೆವು, ಮೆಟ್ಟಿಲುದ್ದಕ್ಕೂ ರೈಲಾಟ, ಮಗಳು ಇಂಜಿನ್, ನಾನು ಬೋಗಿ, ಇವಳಪ್ಪ ಎಲ್ಲರಿಗಿಂತ ಹಿಂದೆ, ನಾನು ಗಾರ್ಡ್ ಕಣೆ ಎಂದು ಕರವಸ್ತ್ರ ಬೀಸುತ್ತ, ಪ್ರತಿ ತಿರುವಿನಲ್ಲೂ ಇಂಜಿನ್ ಕೂ ಅನ್ನಬೇಕು, ಗಾರ್ಡ್ ಕೂ ಅನ್ನಬೇಕು, ಬೋಗಿ ಮಾತ್ರ ಬಾಯಿ ಮುಚ್ಚಿಕೊಂಡು ಚೀಲ ಹೊರಬೇಕು, ಒಳ್ಳೇ ನ್ಯಾಯ ಕಣ್ರೀ ನಿಮ್ಮದು ಅಂದಿದ್ದೆ, ನಕ್ಕಿದ್ದರು, ಆ ಮಳೆಗಾಲ ಮುಗಿಯುವಷ್ಟರಲ್ಲಿ ಕೆಲಸಕ್ಕಿದ್ದ ಗೋದಾಮಿನ ನೆಲದ ಮೇಲೆ ಎದೆ ಹಿಡಿದು ಕೂತವರು ಏಳಲಿಲ್ಲ, ಅಂದಿನಿಂದ ಮಗಳು ಅಪ್ಪನ ಮಾತೇ ಎತ್ತಿಲ್ಲ, ಅತ್ತಿಲ್ಲ, ಇಲ್ಲಾದರೂ ಒಮ್ಮೆ ಅತ್ತುಬಿಡಲಿ ಅಂತ ಕರೆತಂದೆ.

ಕೂ — ತಿರುವಿನಿಂದ ಅವಳ ದನಿ, ನಾನು ಸುಮ್ಮನೆ ಹತ್ತುತ್ತಿದ್ದೇನೆ, ಅಭ್ಯಾಸ ನೋಡು, ಬೆನ್ನ ಹಿಂದೆ ಒಂದು ಆಳಿನ ಜಾಗ ಬಿಟ್ಟುಕೊಂಡು, ಯಾಕಿನ್ನೂ ಉತ್ತರ ಬರಲಿಲ್ಲ ಎಂದು ನಾನೇ ಕಾಯುತ್ತಿದ್ದೇನೆ, ಅಯ್ಯೋ, ನಾನಲ್ಲವೇ ಕೂಗಬೇಕಾದ್ದು, ಕೂ, ನನ್ನ ಬಾಯಿಂದ ಬಂದದ್ದು ಕೂಗಲ್ಲ, ಸೀಳು ದನಿ, ಅವಳು ಇಳಿದು ಬಂದಳು, ಸಿಟ್ಟಿಲ್ಲ, ಟೀಚರಮ್ಮನ ಹಾಗೆ, ಬೋಗಿ ಕೂಗಬಾರದು ಅಮ್ಮ, ಹಾಗಾದ್ರೆ ನಾನೇ ಗಾರ್ಡ್ ಆಗ್ತೀನಿ ಪುಟ್ಟಿ, ನೀನು ಹಿಂದೆ ಹೋದ್ರೆ ಮಧ್ಯ ಯಾರಿರ್ತಾರಮ್ಮ, ಬೋಗಿ ಇಲ್ದೆ ಅಪ್ಪ ಹೆಂಗೆ ಬರ್ತಾರೆ — ಹೆಂಗೆ ಬರ್ತಾರೆ, ಹೇಳಬೇಕಾದದ್ದು ಒಂದೇ ಮಾತು, ಅವಳು ಆಗಲೇ ಓಡಿದಳು, ಮುಂದಿನ ತಿರುವು, ಕೂ, ನಿಂತಿದ್ದಾಳೆ, ನೋಡುತ್ತಿರುವುದು ನನ್ನನ್ನಲ್ಲ, ನನ್ನ ಹೆಗಲ ಆಚೆ, ಅದರ ಮುಂದಿನ ತಿರುವು, ಕೂ, ಮತ್ತೆ ಹೆಗಲ ಆಚೆ, ಈಗ ಮುಖ ಅರಳಿದೆ, ಕೈ ಎತ್ತಿ ಆಡಿಸುತ್ತಿದ್ದಾಳೆ, ತಿರುಗಿದರೆ ಬರೀ ಮೆಟ್ಟಿಲು ಕಂಡೀತು, ತಿರುಗದಿದ್ದರೆ — ತಿರುಗುತ್ತಿಲ್ಲ, ಚೀಲ ಹೊತ್ತು ನಿಂತುಬಿಟ್ಟಿದ್ದೇನೆ, ನನ್ನನ್ನು ದಾಟಿ ಯಾರಿಗೋ ಆಡುತ್ತಿರುವ ಆ ಸಣ್ಣ ಕೈ, ಆ ಕೈ,