ಆರು ಗಂಟೆಯ ಸುದ್ದಿ

ಫೋನು ಮತ್ತೆ ಗುಂಯ್‌ಗುಟ್ಟಿದಾಗ ಅವಳು ಅದನ್ನು ಹೊಲಿಗೆ ಮಿಷನ್ನಿನ ಪಕ್ಕದ ಬಟನ್ ಡಬ್ಬದೊಳಗೆ ತುರುಕಿ ಮುಚ್ಚಳ ಒತ್ತಿದಳು. ಅದು ಅಲ್ಲೂ ಸುಮ್ಮನಿರಲಿಲ್ಲ. ಬಟನ್ನುಗಳೆಲ್ಲ ಗಲಗಲ ಅಂದವು. ಹಜಾರದಲ್ಲಿ ಶವದ ಸುತ್ತ ಕೂತಿದ್ದವರು ತಲೆ ಎತ್ತಿ ಒಳಕೋಣೆಯತ್ತ ನೋಡಿದರು.

"ಅಮ್ಮ, ಅಪ್ಪನ ಫೋನ್ ಯಾಕೆ ಅದರಲ್ಲಿ ಹಾಕ್ತೀಯ?" ಮಗಳು ಕೇಳಿದಳು.

"ಸತ್ತ ಮೇಲೂ ಬಿಡಲ್ವಲ್ಲೇ ಇವರು! ನಾಲ್ಕನೇ ಬೀದೀಲಿ ಮೋರಿ ಕಟ್ಟಿಕೊಂಡಿದೆಯಂತೆ. ಎದ್ದು ಹೋಗಿ ಬಿಡಿಸ್ಲಿ ಅಂತಾನಾ?"

"ಗೊತ್ತಿಲ್ಲದೋರು ಯಾರೋ ಹಾಕಿರ್ತಾರೆ."

"ಗೊತ್ತಿಲ್ಲದೋರು ಎಲ್ಲಿದ್ದಾರೆ? ಮೆಟ್ಟಿಲ ತನಕ ನಿಂತಿದ್ದಾರೆ ನೋಡು."

ಅವಳ ಗಂಡ ಬಸ್ ಡಿಪೋದಲ್ಲಿ ವೇಳೆ ಬರೆಯುವ ಕೆಲಸದಿಂದ ನಿವೃತ್ತನಾದ ಮೇಲೆ ಬಡಾವಣೆಯ ಸಂಘದಲ್ಲಿ ಮೂರನೇ ಬೀದಿಯ ಪ್ರತಿನಿಧಿಯಾಗಿದ್ದ. ಹದಿನಾಲ್ಕು ಬೀದಿಗೆ ಹದಿನಾಲ್ಕು ಪ್ರತಿನಿಧಿಗಳು, ಅವರಿಗೊಂದು ಗ್ರೂಪು. ದಿನಾ ಬೆಳಿಗ್ಗೆ ಆರಕ್ಕೆ ಅವನು ಫೋನಿನಲ್ಲಿ ಮಾತು ರೆಕಾರ್ಡು ಮಾಡಿ ಆ ಗ್ರೂಪಿಗೆ ಕಳಿಸುತ್ತಿದ್ದ. ಇವತ್ತು ಎಲ್ಲಿ ನೀರಿಲ್ಲ, ಎಲ್ಲಿ ಕರೆಂಟಿಲ್ಲ, ಯಾವ ರಸ್ತೆ ಅಗೆದಿದ್ದಾರೆ, ಕಸದ ಲಾರಿ ಎಷ್ಟೊತ್ತಿಗೆ. ಅದನ್ನು ಅವನೂ ಉಳಿದವರೂ ತಮ್ಮ ತಮ್ಮ ಬೀದಿಯ ಮನೆಗಳಿಗೆ ದಾಟಿಸುತ್ತಿದ್ದರು. ಜನ ಅವನಿಗೆ ರೇಡಿಯೋ ಅಂತಲೇ ಹೆಸರಿಟ್ಟಿದ್ದರು. ಮನೆಯೊಳಗೆ ಆ ರೇಡಿಯೋಗೆ ಒಂದು ಸ್ಟೇಷನ್ನೂ ಸಿಗುತ್ತಿರಲಿಲ್ಲ ಎಂಬುದು ಅವಳೊಬ್ಬಳಿಗೆ ಗೊತ್ತಿತ್ತು. ಅವಳು ಶಾಲೆಯ ಸಮವಸ್ತ್ರ ಹೊಲಿಯುವವಳು. ಜನರ ಬಾಯಲ್ಲಿ ಟೈಲರಮ್ಮ.

ಹಜಾರದಲ್ಲಿ ಎಲ್ಲರಿಗಿಂತ ಜೋರಾಗಿ ಅಳುತ್ತಿದ್ದವಳು ಬೇಕರಿಯವಳು, ಐದನೇ ಬೀದಿಯ ಪ್ರತಿನಿಧಿ. ಅತ್ತೂ ಅತ್ತೂ ಮೂಗು ಕೆಂಪಾಗಿತ್ತು. ಟೈಲರಮ್ಮನ ಕಣ್ಣಲ್ಲಿ ನಿನ್ನೆ ಸಂಜೆಯಿಂದ ಒಂದು ಹನಿ ಬಂದಿರಲಿಲ್ಲ. ಅದಕ್ಕೂ ಅವಳಿಗೆ ಹೊಟ್ಟೆ ಉರಿಯಿತು. ನನ್ನ ಗಂಡನಿಗಾಗಿ ಅಳುವುದು ಇವಳು, ಬಂದವರಿಗೆ ಕುರ್ಚಿ ಹಾಕುವುದು ನಾನು!

"ಮೂರು ವರ್ಷದ್ದು ಎಲ್ಲಾ ನನ್ನ ಹತ್ರ ಇದೆ," ಬೇಕರಿಯವಳು ಪಕ್ಕದವರಿಗೆ ಹೇಳುತ್ತಿದ್ದಳು. "ಒಂದೂ ಅಳಿಸಿಲ್ಲ. ಅಣ್ಣನ ದನಿ ಕೇಳಿದ್ರೇನೇ ನನಗೆ ಬೆಳಗಾಗ್ತಿತ್ತು."

ಮೂರು ವರ್ಷದ ದನಿ. ಟೈಲರಮ್ಮನ ಹತ್ತಿರ ಒಂದು ದಿನದ್ದೂ ಇರಲಿಲ್ಲ. ಅವನ ಫೋನಿನ ಲಾಕು ತೆಗೆಯುವುದೂ ಅವಳಿಗೆ ಗೊತ್ತಿರಲಿಲ್ಲ. ಒಂದೇ ಮನೆಯಲ್ಲಿರುವ ಹೆಂಡತಿಗೆ ಯಾರು ಮೆಸೇಜು ಕಳಿಸುತ್ತಾರೆ?

*

ಆರು ಗಂಟೆಗೆ ಸರಿಯಾಗಿ ಅವನು ಬಾಲ್ಕನಿಗೆ ಹೋಗಿ ಗಾಜಿನ ಬಾಗಿಲು ಎಳೆದುಕೊಳ್ಳುತ್ತಿದ್ದ. "ನಿನ್ನ ಮಿಷನ್ ಸದ್ದು ಬರುತ್ತೆ" ಎನ್ನುತ್ತಿದ್ದ. ಅವನ ಬೆನ್ನು ಕಾಣುತ್ತಿತ್ತು. ಕೈಯಾಡಿಸುವುದು, ನಕ್ಕಾಗ ಹೆಗಲು ಕುಣಿಯುವುದು ಕಾಣುತ್ತಿತ್ತು. ಟೀ ಇಟ್ಟು ಗಂಟಲು ಹರಿಯುವಂತೆ ಕೂಗಿದರೆ ತಿರುಗಿಯೂ ನೋಡುತ್ತಿರಲಿಲ್ಲ. ಅರ್ಧ ಗಂಟೆ ಬಿಟ್ಟು ಬಂದು, ಕೆನೆಗಟ್ಟಿದ ಟೀಯನ್ನು ಮಾತಿಲ್ಲದೆ ಕುಡಿಯುತ್ತಿದ್ದ.

ಅಷ್ಟರಲ್ಲಿ ಗೋಡೆಯಾಚೆ ಪ್ಲಂಬರನ ಮನೆಯಲ್ಲಿ ಅದೇ ದನಿ ಶುರುವಾಗುತ್ತಿತ್ತು. "ಎಲ್ಲರಿಗೂ ನಮಸ್ಕಾರ. ಚೆನ್ನಾಗಿ ನಿದ್ದೆ ಬಂತಾ?" ನಿದ್ದೆ ಬಂತಾ ಅಂತ ಅವನು ಅವಳನ್ನು ಕೇಳಿ ಯಾವ ಕಾಲವಾಯಿತೋ. ಮುಂದಿನದು ಕಿವಿಗೆ ಬೀಳದಿರಲಿ ಎಂದು ಅವಳು ಜೋರಾಗಿ ಮಿಷನ್ ತುಳಿಯುತ್ತಿದ್ದಳು.

ಒಂದು ದಿನ ತಲೆಗೆ ಸೋಪು ಹಚ್ಚಿಕೊಂಡಾಗ ನಲ್ಲಿ ನಿಂತುಹೋಯಿತು.

"ನೀರು ನಿಲ್ಲುತ್ತೆ ಅಂತ ನನಗೊಂದು ಮಾತು ಹೇಳೋಕಾಗಲ್ವಾ?"

"ಗ್ರೂಪಲ್ಲಿ ಹಾಕಿದ್ನಲ್ಲ."

"ನಾನು ನಿಮ್ಮ ಗ್ರೂಪಲ್ಲಿದೀನಾ?"

"ಅದು ಪ್ರತಿನಿಧಿಗಳಿಗೆ ಮಾತ್ರ," ಅಂದ ಅವನು, ತಮಾಷೆಗಲ್ಲ.

ನೊರೆ ತಲೆಯಲ್ಲಿ ಶುರುವಾದ ಅವಳ ಮೌನ ಮೂರು ದಿನ ನಡೆಯಿತು. ಅವನಿಗೆ ಅದು ಗೊತ್ತಾದದ್ದು ನಾಲ್ಕನೇ ದಿನ.

*

ಕೆಳಗೆ ಗಾಡಿ ಬಂದು ನಿಂತಿತು. ಮಗಳು ಹಜಾರಕ್ಕೆ ಹೋದಳು. ಬೇಕರಿಯವಳು ಫೋನು ಹಿಡಿದುಕೊಂಡು ಒಳಕೋಣೆಯ ಬಾಗಿಲಲ್ಲಿ ನಿಂತಳು.

"ಅಕ್ಕಾ..."

"ಏನು, ನಿನ್ನ ಬೀದೀಲಿ ಏನು ಕೆಟ್ಟಿದೆ?"

"ಅಯ್ಯೋ, ಅದಲ್ಲ. ನಿನ್ನೆ ಬೆಳಿಗ್ಗೆ ಕಳಿಸಿದ್ದು, ಕೊನೇದು. ನಿಮಗೆ ಕೇಳಿಸೋಣ ಅಂತ."

"ನನಗೆ ಬೇಡ. ಬದುಕಿದ್ದಾಗ ಇಡೀ ಮನುಷ್ಯನ್ನೇ ನಿಮಗೆ ಕೊಟ್ಟಿದ್ದೆ. ದನೀನೂ ನೀವೇ ಇಟ್ಕೊಳ್ಳಿ."

ಬೇಕರಿಯವಳು ಮೂಗು ಒರೆಸಿಕೊಂಡಳು. "ಬೈಯಿರಿ, ಪರವಾಗಿಲ್ಲ. ಆದ್ರೆ ನಿಜ ಹೇಳ್ತೀನಿ, ನಿಮ್ಮನ್ನ ಕಂಡ್ರೆ ನನಗೆ ಮೊದಲಿಂದ ಹೊಟ್ಟೆಕಿಚ್ಚು."

"ನಿನಗೆ? ನನ್ನ ಕಂಡು?"

ಬೇಕರಿಯವಳು ಫೋನು ಒತ್ತಿದಳು.

ಅವನೇ. ಏಳನೇ ಬೀದಿಗೆ ಮಧ್ಯಾಹ್ನದವರೆಗೆ ನೀರಿಲ್ಲ. ಕಸದ ಲಾರಿ ಕೆಟ್ಟಿದೆ, ಬೇರೆಯದು ಬರುತ್ತದೆ. ಹಿಂದೆ ಮಿಷನ್ನಿನ ಟಕಟಕ. ಆಮೇಲೆ ದೂರದಿಂದ ಒರಟಾದ ಒಂದು ಹೆಂಗಸಿನ ಕೂಗು: "ರೀ, ಟೀ ಆರ್ತಾ ಇದೆ!" ತನ್ನದೇ ದನಿ ಎಂದು ತಿಳಿದು ಅವಳಿಗೆ ನಾಚಿಕೆಯಾಯಿತು. ಅವನ ಮಾತು ಅರ್ಧಕ್ಕೆ ನಿಂತಿತು. ಫೋನಿನಿಂದ ಬಾಯಿ ಸರಿಸಿ ಅವನು ಮೆಲ್ಲಗೆ, ಬಹಳ ಮೆತ್ತಗೆ ಹೇಳಿದ: "ಬಂದೆ ಕಣೇ."

ಅಲ್ಲಿಗೆ ಮುಗಿಯಿತು.

"ದಿನಾ ಹೀಗೇ," ಬೇಕರಿಯವಳು ಹೇಳಿದಳು. "ನೀವು ಕೂಗೋದು, ಅಣ್ಣ ಬಂದೆ ಅನ್ನೋದು. ಅದು ಕೇಳಿದ್ರೆ ಸುದ್ದಿ ಮುಗೀತು ಅಂತ ನಮಗೆ ಗೊತ್ತಾಗ್ತಿತ್ತು. ನಮ್ಮನೆಯವರು ಹದಿನೆಂಟು ವರ್ಷದಲ್ಲಿ ಒಂದ್ಸಲ ನನಗೆ ಹಾಗಂದಿಲ್ಲ."

"ಬರ್ತಿರ್ಲಿಲ್ಲ ಕಣೇ. ಅರ್ಧ ಗಂಟೆ ಅಲ್ಲೇ ನಿಂತಿರ್ತಿದ್ರು."

"ಆದ್ರೂ ಅಂತಿದ್ರಲ್ಲ, ಅಕ್ಕಾ."

ಅಂತಿದ್ದ. ಹದಿನಾಲ್ಕು ಬೀದಿಗೂ ಅದು ಕೇಳಿಸಿತ್ತು. ಗೋಡೆಯಾಚೆಯ ಪ್ಲಂಬರನಿಗೂ ಅವನ ಹೆಂಡತಿಗೂ ಕೇಳಿಸಿತ್ತು. ಗಾಜಿನ ಈಚೆ ಮಿಷನ್ ತುಳಿಯುತ್ತಾ ಮುಖ ಊದಿಸಿಕೊಂಡಿದ್ದ ಅವಳೊಬ್ಬಳಿಗೆ ಕೇಳಿಸಿರಲಿಲ್ಲ. ಅವಳಿಗೆಂದೇ ಆಡಿದ ಮಾತು ಊರವರೆಲ್ಲರ ಜೇಬಿನಲ್ಲಿತ್ತು. ಇಷ್ಟು ವರ್ಷದ ಹೊಟ್ಟೆಕಿಚ್ಚು ಇದರ ಮುಂದೆ ಏನೂ ಅಲ್ಲ ಅನ್ನಿಸಿತು. ನಿನ್ನೆಯಿಂದ ಬಾರದಿದ್ದ ಅಳು ಒಮ್ಮೆಲೇ ನುಗ್ಗಿತು.

"ಆ ಫೋನ್ ಇಲ್ಲಿ ಕೊಡು," ಅಂದಳು. "ನೀನು ಆಚೆ ಹೋಗು. ಬಾಗಿಲು ಹಾಕ್ಕೊಂಡು ಹೋಗು."

ಬೇಕರಿಯವಳು ಹೋದಳು. ಹಜಾರದಲ್ಲಿ ಕುರ್ಚಿ ಸರಿಸುವ ಸದ್ದು, ಜನ ಏಳುವ ಸದ್ದು ಕೇಳಿಸಿತು.

"ಅಮ್ಮಾ, ಎತ್ತುತ್ತಾ ಇದ್ದಾರೆ! ಬೇಗ ಬಾ!" ಮಗಳು ಕೂಗಿದಳು.

"ಬಂದೆ ಕಣೇ," ಎಂದಳು ಟೈಲರಮ್ಮ, ಫೋನು ಕಿವಿಗೊತ್ತಿಕೊಂಡು, ಮೆಲ್ಲಗೆ.

ಮುಚ್ಚಿದ ಬಾಗಿಲಾಚೆ ಅದು ಯಾರಿಗೂ ಕೇಳಿಸಲಿಲ್ಲ. ಮಗಳು ಮತ್ತೆ ಕೂಗಿದಳು. ಅವಳು ಕೂತಲ್ಲಿಂದ ಏಳದೆ, ಇನ್ನೊಂದು ಸಲ ಬೆರಳೊತ್ತಿದಳು.