ಎಡಬಲ ಮರೆತ ಗಿಲ್ಲಿಸ್ ಮೇಷ್ಟ್ರು

ನಮ್ಮೂರಿನ ಪ್ರತಿಯೊಂದು ಓಣಿಯನ್ನೂ ಸೇತುವೆಯನ್ನೂ ನಕಾಶೆಗಾಗಿ ತಾಮ್ರದ ಹಲಗೆಯ ಮೇಲೆ ಕೆತ್ತಿದ್ದ ಗಿಲ್ಲಿಸ್ ಮೇಷ್ಟ್ರನ್ನು ಮೀನುಪೇಟೆಗೆ ದಾರಿ ಕೇಳಿದವನು ಹೋಗಿ ಕಾಲುವೆಗೆ ಬೀಳುತ್ತಿದ್ದ. ಅದು ಕಸುಬಿನ ಶಾಪ. ಅಚ್ಚಿನಲ್ಲಿ ನೆಟ್ಟಗೆ ಮೂಡಬೇಕಾದರೆ ತಾಮ್ರದ ಮೇಲೆ ಸಮಸ್ತವನ್ನೂ ಎಡಬಲ ತಿರುವಿ ಕೊರೆಯಬೇಕು. ಹಗಲೆಲ್ಲ ಆ ತಿರುಗುಮುರುಗು ಊರಿನಲ್ಲಿ ಬದುಕಿದ ಮನುಷ್ಯ ಸಂಜೆ ಬೀದಿಗಿಳಿದರೆ, ಒಂದು ಭುಜವನ್ನು ಗೋಡೆಗೆ ಉಜ್ಜಿಕೊಂಡು ಕುರುಡು ಕುದುರೆಯ ಹಾಗೆ ನಡೆದು ಯಾರದೋ ಮನೆಯ ಬಾಗಿಲು ತಟ್ಟುತ್ತಿದ್ದರು. ಮೈಮೇಲೆ ಸದಾ ಅದೇ ಕರಿ ಉಣ್ಣೆಯ ಕೋಟು, ತೋಳಿನ ತುಂಬ ತಾಮ್ರದ ಚೂರು, ಅಪ್ಪಿಕೊಂಡವರಿಗೆ ರಕ್ತ. ಹೆರಿಂಗ್ ಮೀನು ತಾಜಾ ಇದೆಯೇ ಎಂದು ಕೇಳಿದರೂ ಉತ್ತರ ಒಂದೇ: "ಗೋಪುರ ಹತ್ತಿ ನೋಡಿ ಹೇಳ್ತೀನಿ." ಬ್ರೆಡ್ಡಿನ ಬೆಲೆಗಾಗಿ ನಾವು ನಗರಸಭೆಯ ಮೆಟ್ಟಿಲ ಮೇಲೆ ಒದೆ ತಿನ್ನುತ್ತಿದ್ದಾಗಲೂ ಈ ಮಹಾಶಯರು ಚರ್ಚಿನ ಗೋಪುರದ ಮೇಲೆ ಚಿಮಣಿ ಎಣಿಸುತ್ತಿದ್ದರು.

ಅಂಥವರ ಕೈಗೆ ನಮ್ಮ ಬಣ್ಣಗಾರರ ಓಣಿ ಸಿಕ್ಕಿತು. ಉಚ್ಚೆಯ ತೊಟ್ಟಿಗಳಲ್ಲಿ ಬಟ್ಟೆಯ ನೀಲಿ ಬಣ್ಣ ಹುದುಗಿಸುವ ನಮ್ಮ ದುರ್ಗಂಧ ಸಹಿಸಲಾರದ ನಗರಸಭೆಯ ಮಾನ್ಯರು, ಅಲ್ಲಿರುವುದು ಬರೀ ಜೌಗುನೆಲವೆಂದು ಸಾರಿ, ಕಾಲುವೆ ತೋಡಲು ನಿಶ್ಚಯಿಸಿದ್ದರು. ಮಾನ್ಯರು ನಿಶ್ಚಯಿಸಿದ್ದನ್ನು ಮುಗಿದೇಹೋಯಿತೆಂಬಂತೆ ನಕಾಶೆಯಲ್ಲಿ ಕೆತ್ತುವುದು ಈ ಕಸುಬಿನ ಹಳೆಯ ಸಂಪ್ರದಾಯ. ನಮ್ಮ ಚರ್ಚಿನ ಗೋಪುರ ಇಂದಿಗೂ ಮೋಟು. ನಕಾಶೆಯಲ್ಲಿ ಮಾತ್ರ ಮೋಡ ಮುಟ್ಟುತ್ತದೆ.

ಹಲಗೆ ನೋಡಲು ಹೋದೆವು. ನಮ್ಮ ಮನೆಗಳ ಜಾಗದಲ್ಲಿ ನೀರು.

"ನೋಡ್ರೇ, ಗುದ್ದಲಿ ಇನ್ನೂ ನೆಲ ಮುಟ್ಟಿಲ್ಲ, ಈ ಯಪ್ಪ ಆಗ್ಲೇ ದೋಣಿ ಬಿಟ್ಟವ್ನೆ!" ಎಂದಳು ಬಣ್ಣಗಾರ್ತಿ ಟಾನೆಕೆ. "ಏನ್ ಮೇಷ್ಟ್ರೇ, ನಾನಿನ್ನು ಮೀನಾಗಿ ಸಂಸಾರ ಮಾಡ್ಬೇಕಾ?"

"ಅಪ್ಪಣೆ ಆಗಿದೆಯಮ್ಮ."

"ಹಂಗಾದ್ರೆ ಹತ್ತಿ ನಿಮ್ಮ ಗೋಪುರ! ಅಲ್ಲಿರೋದು ಕಾಲುವೆಯೋ, ನನ್ನ ಉಚ್ಚೆ ತೊಟ್ಟಿಯೋ, ನೋಡಿ ಹೇಳಿ!"

ಹತ್ತಿದರು. ಇಳಿದು ಬಂದು, ಕಾಲುವೆಯನ್ನು ಹೆರೆದುಹಾಕಿ, ಹಲಗೆಯ ಬೆನ್ನಿಗೆ ಸುತ್ತಿಗೆ ಬಡಿದು ಹೆರೆದ ತಗ್ಗನ್ನು ಮಟ್ಟಮಾಡಿ, ನಮ್ಮ ಓಣಿಯನ್ನು ಒಣಹಾಕಿದ ಬಟ್ಟೆಗಳ ಸಮೇತ ಕೆತ್ತಿದರು. ಸಂತೋಷಕ್ಕೆ ಅಪ್ಪಿಕೊಂಡೆ, ಕತ್ತು ಗೀರಿತು.

ಅಚ್ಚಾದ ಹಾಳೆ ಹಿಡಿದು ನಗರಸಭೆಯಲ್ಲಿ ನಮ್ಮ ಓಣಿಯ ವಿಚಾರಣೆಗೆ ಹೋದೆವು. ನಗರದ ಮುದ್ರೆಯಿರುವ ನಕಾಶೆಯಲ್ಲೇ ನಮ್ಮ ಮನೆಗಳಿರುವಾಗ ಇನ್ನು ಜೌಗೆಂದು ಹೇಗೆ ಹೇಳಿಯಾರು? ಹಿರಿಯ ಮಾನ್ಯರು ಹಾಳೆಯ ಮೇಲೆ ಬಾಗಿದರು, ಆಮೇಲೆ ಹೊಟ್ಟೆ ಹಿಡಿದು ನಕ್ಕರು: "ಅಯ್ಯೋ, ಈ ಮನೆಗಳೆಲ್ಲ ನನ್ನ ಹೂದೋಟದಲ್ಲಿವೆಯಲ್ಲಯ್ಯಾ! ಕೆಡವೋಕೆ ನನ್ನ ಪೂರ್ಣ ಒಪ್ಪಿಗೆ."

ಗೋಪುರದಿಂದ ಕಂಡದ್ದನ್ನು ಕಂಡ ಹಾಗೇ ಕೆತ್ತಿಬಿಟ್ಟಿದ್ದರು ಪುಣ್ಯಾತ್ಮರು! ಜನ್ಮವೆಲ್ಲ ತಿರುವಿ ಕೆತ್ತಿದವರು ಅದೊಂದು ದಿನ ತಿರುವಲು ಮರೆತರು. ಎಡಕ್ಕೆ ಬಾಗುವ ನಮ್ಮ ಓಣಿ ಅಚ್ಚಿನಲ್ಲಿ ಬಲಕ್ಕೆ ಬಾಗಿ ಮಾನ್ಯರ ತೋಟ ಹೊಕ್ಕಿತ್ತು. ನಾವಿದ್ದ ಕಡೆ ಬೋಳು ಜೌಗು.

ಓಣಿ ಹೋಯಿತು. ಕೂಲಿಗೆಂದು ಹಾರ್ಲೆಮ್ ಪಟ್ಟಣಕ್ಕೆ ಹೊರಟ ಟಾನೆಕೆ ಮೇಷ್ಟ್ರ ಬಾಗಿಲಲ್ಲಿ ನಿಂತು, "ಹಾರ್ಲೆಮ್ ಯಾವ ಕಡೆ ಮೇಷ್ಟ್ರೇ?" ಎಂದು ಕೇಳಿದಳು. ಅವರು ಎಡಕ್ಕೆ ತೋರಿಸಿದರು. ಅವಳು ಬಲಕ್ಕೆ ನಡೆದಳು.

ಅಪ್ಪಣೆಗೆ ಕೆತ್ತಿದ ಸುಳ್ಳು ಕಾಲುವೆ ಅದೇ ಕೈಯಲ್ಲಿ ಗೆರೆ ಹೊಡೆದಷ್ಟು ನೆಟ್ಟಗೆ ಬಂದಿತ್ತು ಎಂಬುದೇ ನನ್ನ ಹೊಟ್ಟೆಯುರಿ. ಗೋಪುರದ ಮೇಲಿನ ಈ ಸಜ್ಜನರು ಆಯುಷ್ಯದಲ್ಲೊಮ್ಮೆ ನಮ್ಮ ಪಕ್ಷ ಹಿಡಿಯುತ್ತಾರೆ, ನಿಜ. ಆದರೆ ಇಳಿದು ಬರುವಷ್ಟರಲ್ಲಿ ಎದುರು ದಂಡೆಯಲ್ಲಿ ನಿಂತಿರುತ್ತಾರೆ, ಅಲ್ಲಿಂದಲೇ ಆತ್ಮೀಯವಾಗಿ ನಮ್ಮತ್ತ ಕೈಬೀಸುತ್ತಾರೆ.