ಅಪ್ಪ ಎಂಬ ಉದಾಹರಣೆ

ಆ ಕಾಲೇಜಿನಲ್ಲಿ ತತ್ತ್ವಮೀಮಾಂಸೆ ಕಲಿಸುತ್ತಿದ್ದ ಅಧ್ಯಾಪಕಿಗೆ ವಿದ್ಯಾರ್ಥಿಗಳು 'ಅಂದ್ರೆ ಮೇಡಂ' ಎಂದು ಹೆಸರಿಟ್ಟಿದ್ದರು. ಯಾರು ಏನೇ ಹೇಳಲಿ, ಆಕೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ "ಅಂದ್ರೆ?" ಎನ್ನುತ್ತಿದ್ದರು. ಇತಿಹಾಸ ಓದಲು ಬಂದವರಿರಲಿ, ಸಾಹಿತ್ಯ ಓದಲು ಬಂದವರಿರಲಿ, ಒಂದು ವರ್ಷ ಈ ವಿಷಯ ತೆಗೆದುಕೊಳ್ಳಲೇಬೇಕಿತ್ತು. ಇರುವುದು ಎಂದರೇನು, ಬದಲಾಗುತ್ತಲೇ ಹೋಗುವ ವಸ್ತು ಅದೇ ವಸ್ತುವಾಗಿ ಉಳಿಯುವುದು ಹೇಗೆ ಎಂಬಂಥ ಪ್ರಶ್ನೆಗಳು. ಮೊದಮೊದಲು ಎಲ್ಲರೂ ತಲೆ ಚಚ್ಚಿಕೊಂಡರು. ಆಮೇಲೆ ರುಚಿ ಹತ್ತಿತು ನೋಡಿ, ಅರ್ಧ ತಿಂದ ಬನ್ನು ಇನ್ನೂ ಬನ್ನೇ ಹೌದೋ ಅಲ್ಲವೋ ಎಂದು ಕ್ಯಾಂಟೀನಿನಲ್ಲಿ ಕಿತ್ತಾಡುತ್ತ, ಆ ಗದ್ದಲದಲ್ಲಿ ಪಕ್ಕದವರ ಬನ್ನನ್ನೂ ತಿಂದು ಮುಗಿಸುವಷ್ಟು ಮುಂದುವರಿದರು.

ಮೇಡಂ ಎರಡು ಮಾತಿನಲ್ಲಿ ಮಾತ್ರ ಕಟ್ಟುನಿಟ್ಟು. ಪ್ರಬಂಧಕ್ಕೆ ಪುಸ್ತಕದ ಹಳಸಲು ಉದಾಹರಣೆ ತರುವಂತಿಲ್ಲ, ಮನೆಯಿಂದಲೇ ತರಬೇಕು. ಕೊನೆಗೆ "ಒಂದು ರೀತೀಲಿ ಹೌದು, ಒಂದು ರೀತೀಲಿ ಅಲ್ಲ" ಎಂದು ಅಡ್ಡಗೋಡೆಯ ಮೇಲೆ ದೀಪ ಇಡುವಂತಿಲ್ಲ, ಹೌದು ಅಥವಾ ಅಲ್ಲ ಎಂದು ಒಂದೇ ಮಾತು ಹೇಳಿ ಕೂರಬೇಕು. ಹೀಗಾಗಿ ವರ್ಷದ ಕೊನೆ ಹತ್ತಿರವಾದಂತೆ ಎಲ್ಲರೂ ತಂತಮ್ಮ ಮನೆಗಳನ್ನು ಜಾಲಾಡತೊಡಗಿದರು. ಒಬ್ಬ ಹಿಡಿಯನ್ನೂ ಅಲಗನ್ನೂ ಬದಲಾಯಿಸಿದ ಚಾಕು ತಂದ. ಒಬ್ಬಳು ತೇಪೆಗಳೇ ಹೆಚ್ಚಾಗಿ ಮೂಲ ಬಟ್ಟೆಯೇ ಕಾಣದ ಅಜ್ಜಿಯ ಹೊದಿಕೆ ತಂದಳು. ಬೋರ್ಡು ಬರೆಯುವವನ ಕಿರಿಮಗಳು ಅಪ್ಪನನ್ನೇ ತಂದಳು.

ಅವಳಪ್ಪ ಅಂಗಡಿಗಳಿಗೆ ಬೋರ್ಡು ಬರೆದು ಮನೆ ನಡೆಸಿದವನು. ಮಹಾ ಸಿಡುಕ. ಅಕ್ಷರ ಕೂದಲೆಳೆಯಷ್ಟು ವಾಲಿದರೂ ಇಡೀ ಬೋರ್ಡನ್ನು ಒರೆಸಿ ಮೊದಲಿನಿಂದ ಶುರುಮಾಡುತ್ತಿದ್ದ; ತನ್ನಿಬ್ಬರು ಹೆಣ್ಣುಮಕ್ಕಳ ತಪ್ಪಿಗೂ ಅದೇ ನ್ಯಾಯ. ಕೆಲವು ವರ್ಷಗಳ ಹಿಂದೆ ಔಷಧಿ ಅಂಗಡಿಯೊಂದರ ಬೋರ್ಡು ಬರೆಯುವಾಗ ಏಣಿಯಿಂದ ಬಿದ್ದ. ತಲೆಗೆ ಪೆಟ್ಟಾಯಿತು. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟವನಿಗೆ ಹಿಂದಿನದು ಒಂದೂ ನೆನಪಿರಲಿಲ್ಲ.

"ನೀವು ಯಾರ ಮಕ್ಕಳಮ್ಮ?" ಎಂದು ಕೇಳಿದ.

"ನಿನ್ನ ಮಕ್ಕಳೇ ಕಣಪ್ಪ" ಎಂದಳು ಹಿರಿಯವಳು.

"ಹೌದಾ? ಒಳ್ಳೇದಾಯ್ತು ಬಿಡು" ಎಂದು ನಕ್ಕ. ಮನೆಗೆ ಬಂದ ಮೇಲೂ ದಿನಬೆಳಗಾದರೆ ಅದನ್ನೇ ಹೇಳಿ ಹೇಳಿ, ಬೇರೇನೂ ನಿಲ್ಲದ ಆ ತಲೆಯಲ್ಲಿ ಅದೊಂದು ಗಟ್ಟಿಯಾಗಿ ಕೂತಿತು. ಮಗಳು ಹೇಳಿದಳೆಂದು ಅವನು ಅಪ್ಪನಾದ. ಸಿಡುಕು ಎಲ್ಲಿಗೆ ಹೋಯಿತೋ ಹೋಯಿತು. ಕುಂಚ ಕೈಗಿತ್ತರೆ ಅದರಿಂದ ಕಿಟಕಿಯ ಧೂಳು ಒರೆಸುತ್ತಿದ್ದ. ತಾಯಿ ಮೊದಲೇ ಇರಲಿಲ್ಲ. ಅಕ್ಕ ಬಟ್ಟೆ ಅಂಗಡಿಯ ಕೆಲಸ ಬಿಟ್ಟು, ಮನೆಯಲ್ಲೇ ಕೂತು ಹೊಲಿಗೆ ಹಾಕುತ್ತ, ಅವನ ಸ್ನಾನ, ಊಟ, ಮಾತ್ರೆ ಎಲ್ಲವನ್ನೂ ಮೈಮೇಲೆ ಹಾಕಿಕೊಂಡಳು. ತಂಗಿಯನ್ನು ಓದಲು ಕಳಿಸಿದಳು.

ತಂಗಿ ಬರೆದ ಪ್ರಬಂಧ ಚೆನ್ನಾಗಿಯೇ ಇತ್ತು. ಏಣಿ ಹತ್ತಿದವನಿಗೂ ಆಸ್ಪತ್ರೆಯಿಂದ ಬಂದವನಿಗೂ ನೆನಪು ಒಂದಲ್ಲ, ಸ್ವಭಾವ ಒಂದಲ್ಲ, ಕೈಕಸುಬು ಒಂದಲ್ಲ. ದೇಹವೊಂದೇ ತಾನೇ ಎಂದರೆ, ಮನೆ ಒಂದೇ ಎಂದ ಮಾತ್ರಕ್ಕೆ ಮೊನ್ನೆ ಇದ್ದವರೂ ಇಂದು ಇರುವವರೂ ಒಬ್ಬರೇ ಎನ್ನಲಾದೀತೇ? ಮೇಡಂ ಕರಡು ಓದಿ ಒಂದೇ ಒಂದು ಸಲವೂ "ಅಂದ್ರೆ?" ಎನ್ನಲಿಲ್ಲ. ಆ ಕಾಲೇಜಿನಲ್ಲಿ ಅದಕ್ಕಿಂತ ದೊಡ್ಡ ಬಹುಮಾನ ಇರಲಿಲ್ಲ. ಹುಡುಗಿ ಅಂದು ನೆಲದ ಮೇಲೆ ನಡೆಯಲಿಲ್ಲ.

ಪ್ರಬಂಧ ಓದುವ ದಿನ ಮನೆಯವರೂ ಬಂದು ಹಿಂದಿನ ಬೆಂಚುಗಳಲ್ಲಿ ಕೂರಬಹುದಿತ್ತು. "ನೀವು ಬರೋದು ಬೇಡಕ್ಕ, ಬರೀ ಬೋರು" ಎಂದು ಅವಳು ಮೊದಲೇ ಹೇಳಿದ್ದಳು. ಆದರೂ ಅವಳು ಕೊನೆಯ ಹಾಳೆ ತಿರುವುವ ಹೊತ್ತಿಗೆ ಹಿಂದಿನ ಬಾಗಿಲು ಮೆಲ್ಲಗೆ ತೆರೆಯಿತು. ಇಸ್ತ್ರಿಯ ಅಂಗಿ ತೊಟ್ಟು, ನೀಟಾಗಿ ತಲೆ ಬಾಚಿಸಿಕೊಂಡ ಅಪ್ಪ. ಅವನ ಮೊಣಕೈ ಹಿಡಿದ ಅಕ್ಕ. ತಂಗಿ ಹೇಗೆ ಓದುತ್ತಾಳೆಂದು ನೋಡದೆ ಇರಲು ಅವಳಿಂದ ಆಗಿರಲಿಲ್ಲ.

ಹುಡುಗಿ ಅವರನ್ನು ಕಂಡಳು. ನಿಲ್ಲಿಸಬಹುದಿತ್ತು. ತಲೆ ಸುತ್ತುತ್ತಿದೆ ಎನ್ನಬಹುದಿತ್ತು. ಆದರೆ ಮೇಡಂ ಮುಂದಿನ ಮಾತಿಗಾಗಿ ಕಾಯುತ್ತಿದ್ದರು, ಇಡೀ ತರಗತಿ ಕಾಯುತ್ತಿತ್ತು. ಅಪ್ಪನಿಗೆ ಏನು ಅರ್ಥವಾದೀತು ಎಂದುಕೊಂಡಳು. ಅರ್ಥವಾದರೂ ಸಂಜೆಯೊಳಗೆ ಮರೆಯುತ್ತಾನೆ ಎಂದೂ ಅಂದುಕೊಂಡಳು. ಅಂದುಕೊಂಡು ಓದಿದಳು:

"ಆ ನೆನಪಿಲ್ಲ, ಆ ಕೋಪವಿಲ್ಲ, ಬೋರ್ಡು ಬರೆಯುವ ಆ ಕೈಯಿಲ್ಲ. ಹೌದೋ ಅಲ್ಲವೋ ಎಂದು ಕೇಳಿದರೆ, ಅಲ್ಲ. ನನ್ನ ಅಪ್ಪ ಆ ಏಣಿಯ ಬುಡದಲ್ಲೇ ಮುಗಿದುಹೋದ. ಈಗ ನಮ್ಮ ಮನೆಯಲ್ಲಿರುವುದು ಬೇರೆ ಯಾರೋ."

ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಅಪ್ಪ. ಅಕ್ಕನ ಕೈಗಳು ಮಡಿಲಲ್ಲೇ ಇದ್ದವು.

ಮೂವರೂ ಬಸ್ಸಿನಲ್ಲಿ ಮನೆಗೆ ಹೊರಟರು. ಇಳಿದ ಮೇಲೆ ಅಕ್ಕ, "ಚೆನ್ನಾಗಿ ಓದಿದೆ" ಎಂದಳು. ಸ್ವಲ್ಪ ದೂರ ನಡೆದು, "ಇಷ್ಟು ದಿನ ಬೇರೆ ಯಾರಿಗೋ ಸ್ನಾನ ಮಾಡಿಸ್ತಿದ್ದೆ ಅಂತ ಗೊತ್ತಿರ್ಲಿಲ್ಲ ನೋಡು" ಎಂದಳು. ಬೈದಿದ್ದರೆ ತಂಗಿಗೆ ಎಷ್ಟೋ ವಾಸಿಯಿತ್ತು.

ಮನೆಯ ಬೀಗ ತೆಗೆದರು. ಅಪ್ಪ ಹೊಸ್ತಿಲಾಚೆಯೇ ನಿಂತ.

"ಒಳಗೆ ಬರ್ಲಾ?"

"ಇದೇನಪ್ಪಾ ಹೀಗೆ ಕೇಳ್ತಿದೀಯ?" ಎಂದಳು ಅಕ್ಕ.

"ಇಲ್ಲಮ್ಮ, ನಿಮ್ಮಪ್ಪನವರ ಮನೆ ಅಲ್ವಾ? ಕೇಳದೆ ಹೇಗೆ ಬರೋದು?" ಅವನ ದನಿಯಲ್ಲಿ ಕೊಂಕಿರಲಿಲ್ಲ. ಚಿಕ್ಕವಳ ಕಡೆ ತಿರುಗಿ, "ಚಿಕ್ಕಮ್ಮಣ್ಣಿ ಓದಿದಾಳೆ. ಸುಮ್‌ಸುಮ್ನೆ ಹೇಳ್ತಾಳಾ? ನಂಗೂ ಒಂಥರಾ ಅನುಮಾನ ಇತ್ತು" ಎಂದ.

ಹುಡುಗಿಗೆ ನೆಲ ಬಾಯಿಬಿಡಬಾರದೇ ಎನಿಸಿತು. ದೊಡ್ಡವಳು ಹೇಳಿದಳೆಂದು ಅಪ್ಪನಾಗಿದ್ದವನು ಚಿಕ್ಕವಳು ಹೇಳಿದಳೆಂದು ಅಪ್ಪನಲ್ಲದವನಾದ. ಅವನಿಗೆ ಮಕ್ಕಳ ಮಾತೇ ಮಾತು.

ಸಂಜೆಯೊಳಗೆ ಮರೆಯಲಿಲ್ಲ. ಬೆಳಗ್ಗೆಯೂ ಮರೆತಿರಲಿಲ್ಲ. ತಿಂಡಿ ತಿಂದದ್ದನ್ನು ಮರೆಯುವವನು, ಸ್ನಾನದ ಮನೆ ಯಾವ ಕಡೆ ಎಂದು ಮರೆಯುವವನು, ಇದನ್ನು ಮಾತ್ರ ಬಿಗಿಯಾಗಿ ಹಿಡಿದುಕೊಂಡ. ಅಂಗಿ ತೊಡಿಸಲು ಹೋದರೆ "ಅವರದು ಹಾಕ್ಕೊಂಡ್ರೆ ಬೇಜಾರಿಲ್ವಾ?" ಎನ್ನುತ್ತಿದ್ದ. ಒರಗು ಕುರ್ಚಿಯಲ್ಲಿ ಕೂರುವುದನ್ನು ಬಿಟ್ಟು ಬಾಗಿಲ ಬಳಿಯ ಸ್ಟೂಲಿನ ಮೇಲೆ, ಕೆಲಸ ಕೇಳಲು ಬಂದವನ ಹಾಗೆ, ಕೂರತೊಡಗಿದ. ಅಕ್ಕ "ನೀನೇ ನಮ್ಮಪ್ಪ" ಎಂದು ಮತ್ತೆ ಮೊದಲಿನಿಂದ ಶುರುಮಾಡಿದರೆ, "ನಿನ್ನ ಮನಸ್ಸು ದೊಡ್ಡದಮ್ಮ" ಎಂದು ಕೈಮುಗಿದುಬಿಟ್ಟ. ಅಕ್ಕ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿಕೊಂಡು ನಿಂತಳು. ತಂಗಿ ದಿನಾ ಎದ್ದ ಕೂಡಲೇ ಇವತ್ತಾದರೂ ಮರೆತಿರಲಿ ಎಂದು ಹಾರೈಸುತ್ತಿದ್ದಳು. ಅಪ್ಪನ ತಲೆ ಇನ್ನಷ್ಟು ಕೆಡಲಿ ಎಂದು ಬಯಸುತ್ತಿದ್ದೇನಲ್ಲ ಎಂದು ಹೊಳೆದಾಗ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಳ್ಳಲೂ ಹೇಸಿಗೆಯಾಯಿತು.

ಕೊನೆಗೆ ಪ್ರಬಂಧ ಹಿಡಿದು ಮೇಡಂ ಕೋಣೆಗೆ ಹೋದಳು.

"ಇದರಲ್ಲಿ ತಪ್ಪೆಲ್ಲಿದೆ ಹೇಳಿ ಮೇಡಂ."

"ತಪ್ಪು? ಅಂದ್ರೆ?"

ಅವಳು ಮನೆಯಲ್ಲಿ ನಡೆದದ್ದನ್ನೆಲ್ಲ ಹೇಳಿದಳು. ಮೇಡಂ ಕನ್ನಡಕವನ್ನು ಸರಿಯಾಗಿ ಏರಿಸಿಕೊಂಡು ಪ್ರಬಂಧವನ್ನು ಎರಡು ಸಲ ಓದಿದರು. ಹೊರಗೆ ಯಾರೋ ಬಾಗಿಲು ತಟ್ಟಿದರೂ ತಲೆಯೆತ್ತಲಿಲ್ಲ.

"ನಂಗೂ ಸಿಗ್ತಿಲ್ಲಮ್ಮ" ಎಂದರು. "ಹುಡುಕಿದ್ರೆ ಎಲ್ಲೋ ಇರುತ್ತೆ. ದೊಡ್ಡ ದೊಡ್ಡವರೇ ಇನ್ನೂ ಹುಡುಕ್ತಿದಾರೆ." ಹಾಳೆಗಳನ್ನು ಜೋಡಿಸಿ ಹಿಂದಕ್ಕೆ ಕೊಟ್ಟರು. "ಮನೆಯಿಂದ ತನ್ನಿ ಅಂದೋಳು ನಾನೇ. ಮನೇಲಿ ಜನ ಇರ್ತಾರೆ ಅನ್ನೋದು ನಂಗೆ ಹೊಳೀಲಿಲ್ಲ." ಅವರ ಕಿವಿಗಳು ಕೆಂಪಾಗಿದ್ದವು. ಅದನ್ನು ನೋಡಿದ್ದು ಹುಡುಗಿಗೆ ಯಾವ ಸಮಾಧಾನವನ್ನೂ ಕೊಡಲಿಲ್ಲ.

ಮನೆಗೆ ಬಂದಾಗ ಮಧ್ಯಾಹ್ನದ ಬಿಸಿಲು ಬಾಗಿಲವರೆಗೆ ಬಂದಿತ್ತು. ಅಪ್ಪ ಸ್ಟೂಲಿನ ಮೇಲಿದ್ದ. ಅಕ್ಕ ಹೊಲಿಗೆ ಯಂತ್ರ ತುಳಿಯುತ್ತಿದ್ದಳು. ಹುಡುಗಿ ಚಪ್ಪಲಿಯನ್ನೂ ಬಿಡದೆ ಅವನೆದುರು ನೆಲದ ಮೇಲೆ ಕೂತಳು.

"ಅಪ್ಪಾ, ಅವತ್ತು ನಾನು ಓದಿದ್ದು ತಪ್ಪು."

ಅಪ್ಪನ ಮುಖ ಅರಳಿತು. ಇಷ್ಟು ದಿನ ಅವನು ಇದಕ್ಕೇ ಕಾಯುತ್ತಿದ್ದನೆಂದು ಅವಳಿಗೆ ಆಗ ತಿಳಿಯಿತು. ಅವನು ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡ.

"ಹೌದಾ? ಎಲ್ಲಿ ತಪ್ಪಾಯ್ತಮ್ಮ?"

ಅವಳು ಬಾಯಿ ತೆರೆದಳು. ಒಂದು ವರ್ಷ ಕಲಿತ ಮಾತುಗಳಲ್ಲಿ ಒಂದೂ ಬರಲಿಲ್ಲ.

"ಅವರಿಗಿದ್ದ ನೆನಪು ನಂಗೇನಾದ್ರೂ ಇದ್ಯಾ ಅಂತ ನೋಡೋಣ" ಎಂದು ಅವನೇ ಸಹಾಯಕ್ಕೆ ಬಂದ. ಕಣ್ಣು ಮುಚ್ಚಿ, ಹುಬ್ಬು ಗಂಟಿಕ್ಕಿ, ಪರೀಕ್ಷೆ ಬರೆಯುವವನಂತೆ ಕಷ್ಟಪಟ್ಟ. "ಇಲ್ಲ. ಅವರಿಗೆ ಕೋಪ ಬರ್ತಿತ್ತು ಅಂದ್ಯಲ್ಲ? ನಂಗೆ ಬರಲ್ಲ. ಅವರು ಬೋರ್ಡು ಬರೀತಿದ್ರು." ತನ್ನ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿದ. "ಬೇರೆ ಏನಾದ್ರೂ ಇದ್ಯೇನಮ್ಮ? ನೋಡು, ಇರಬಹುದು."

ಅವಳು ಬಿಕ್ಕಿ ಬಿಕ್ಕಿ ಅತ್ತಳು. ಹೊಲಿಗೆಯ ಸದ್ದು ನಿಂತಿತು.

"ಅಯ್ಯೋ, ಅಳಬೇಡ" ಎಂದ ಅಪ್ಪ. "ಅವರು ಬರೋವರ್ಗೂ ನಿಮ್ಮಿಬ್ಬರನ್ನ ನಾನು ನೋಡ್ಕೋತೀನಿ."

ಅವಳ ತಲೆ ಸವರಲು ಕೈ ಎತ್ತಿದವನು ಅರ್ಧಕ್ಕೇ ನಿಲ್ಲಿಸಿ, ಮುಟ್ಟಬಹುದೇ ಎಂದು ಕೇಳುವಂತೆ ಅಕ್ಕನ ಮುಖ ನೋಡಿದ.